ಉಟ್ಟು ಹಳತಾದ ಉಡುಗೊರೆ

ಹುಟ್ಟಲಿರುವ ಕೂಸಿಗೆ ಹೊಸ ಬಟ್ಟೆಯಲ್ಲ. ಮನೆಮಂದಿ ಉಟ್ಟು, ಒಗೆದು, ಮೆತ್ತಗಾಗಿಸಿದ ಅರಿವೆ. ಬೇಕಾದದ್ದು ಸೂಜಿ, ದಾರ, ಒಂದು ಬೇಸಗೆ. ಬಯಲುಸೀಮೆಯ ಪಡಸಾಲೆಗಳಲ್ಲಿಯೂ ಯಲ್ಲಾಪುರ–ಹಳಿಯಾಳದ ಕಾಡಂಚಿನಲ್ಲಿಯೂ ಇನ್ನೂ ಹೊಲಿಗೆ ನಿಲ್ಲದಿರುವ ಕೌದಿಯೆಂಬ ಹೊದಿಕೆಯ ಕಥೆ.

ವೈಶಾಖದ ಮಧ್ಯಾಹ್ನ. ಬಿಳಿಜೋಳದ ರಾಶಿ ಮನೆ ಸೇರಿದೆ, ಎರೆಹೊಲ ಬಾಯಿಬಿಟ್ಟಿದೆ, ಮುಂಗಾರಿನ ಮೊದಲ ಹದಮಳೆಗೆ ಇನ್ನೂ ಕೆಲವು ವಾರಗಳುಂಟು. ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆಯ ಮನೆಯೊಳಗೆ, ಬೀದಿಯ ಝಳವೆಲ್ಲ ಹೊಸ್ತಿಲಾಚೆಗೇ ನಿಂತುಬಿಟ್ಟಿದ್ದ ತಂಪು ಪಡಸಾಲೆಯಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಟ್ರಂಕನ್ನು ಬರಿದುಮಾಡಿ ಕುಳಿತಿದ್ದರು.

ಒಡಲು ಜಾಳುಜಾಳಾಗಿ ಅಂಚು ಮಾತ್ರ ಗಟ್ಟಿಯಾಗುಳಿದ ಎರಡು ಇಳಕಲ್ಲ ಸೀರೆ, ಯಜಮಾನರ ಧೋತರ, ಮಗಳು ಶಾಲೆಗೆ ಹೋಗುತ್ತಿದ್ದ ಕಾಲದ ಪರಕರ, ತೋಳು ಹರಿದ ಗುಳೇದಗುಡ್ಡದ ಖಣದ ಕುಪ್ಪಸ, ಇನ್ನಾವುದೋ ಮದುವೆಯಲ್ಲಿ ಆಯೇರಿಯಾಗಿ ಬಂದು ಉಟ್ಟು ಉಟ್ಟು ಬಣ್ಣ ಇಳಿದ ಪಾತಳ: ಹೀಗೆ ಒಂದು ಸಂಸಾರದ ಐವತ್ತು ವರ್ಷಗಳು ನೆಲದ ಮೇಲೆ ರಾಶಿಯಾಗಿದ್ದವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗಳಿಗೆ ಐದು ತಿಂಗಳು ತುಂಬಿತ್ತು. ಏಳರಲ್ಲಿ ಕುಬಸದ ಕಾರ್ಯ, ಎಂದರೆ ಸೀಮಂತ. ಆಮೇಲೆ ಚೊಚ್ಚಲ ಹೆರಿಗೆಗೆ ಆಕೆ ತವರಿಗೆ ಬರತಕ್ಕವಳು. ಅಷ್ಟರೊಳಗೆ ತೊಟ್ಟಿಲ ಕೌದಿ ಸಿದ್ಧವಾಗಬೇಕು.

‘ಆಯಿ, ಅಂಗಡ್ಯಾಗ ಮೆತ್ತನ್ನ ಹೊಸಾ ಹೊದಿಕಿ ಸಿಗತಾವಲ್ರೀ, ಈ ಬ್ಯಾಸಗಿಯೊಳಗ ಯಾಕ ಇಷ್ಟ ತ್ರಾಸ ತಗೋತೀರಿ?’ ಎಂದು ನೆರೆಮನೆಯ ಸೊಸೆ ಕೇಳಿದಳು.

‘ಹೊಸಾದ್ದು ಕೂಸಿನ ಮೈಗೆ ಒರಟಾಗತೈತವಾ. ನಾ ಉಟ್ಟಿದ್ದು, ಅದರವ್ವ ಉಟ್ಟಿದ್ದು, ನೂರ ಸಲ ಒಗದದ್ದು, ಅದ ಕೂಸಿಗೆ ಹತ್ತೂದು’ ಎಂದರು ಅಜ್ಜಿ. ಎಂದವರೇ ಸೀರೆಯ ಅಂಚಿಗೆ ಹಲ್ಲಿನಿಂದ ಒಂದು ಕಚ್ಚು ಹಾಕಿ, ಎರಡು ಕೈಯಿಂದಲೂ ಹಿಡಿದು, ಪರ್ರೆಂದು ಉದ್ದಕ್ಕೆ ಸೀಳಿದರು.

ಆ ಮಾತು ನಮ್ಮ ನಾಡಿನ ಉಡುಗೊರೆಯ ಧರ್ಮದೊಡನೆ ಒಂದು ಕ್ಷಣ ಘರ್ಷಿಸುವಂಥದು. ಕೊಡುವ ವಸ್ತು ಹೊಸದಾಗಿರಬೇಕೆಂಬುದು ನಮ್ಮಲ್ಲಿ ಸರ್ವಮಾನ್ಯವಾದ ನಿಯಮ. ಮುಯ್ಯಿಯಾಗಲಿ, ಆಯೇರಿಯಾಗಲಿ, ಬಾಗಿನವಾಗಲಿ, ಮಡಿಕೆ ಬಿಚ್ಚದ ಬಟ್ಟೆಯ ತುದಿಗೆ ಅರಿಶಿನ ಕುಂಕುಮ ಸೋಂಕಿಸಿ ಕೊಡುವವರು ನಾವು. ಉಟ್ಟು ಬಿಟ್ಟದ್ದನ್ನು ಬೇಡಿ ಬಂದವರಿಗೆ ಕೊಡಬಹುದೇ ಹೊರತು, ಮಾನ ಸಲ್ಲಬೇಕಾದವರಿಗೆ ಕೊಡುವುದು ಅವಮಾನವೆಂದೇ ಎಣಿಕೆ. ಈ ನಿಯಮಕ್ಕೆ ನನಗೆ ತಿಳಿದಮಟ್ಟಿಗೆ ದೊಡ್ಡ ಅಪವಾದವೆಂದರೆ ಕೌದಿಯೊಂದೇ. ಕುಲಕ್ಕೆ ಹೊಸದಾಗಿ ಬರುವ ಜೀವಕ್ಕೆ, ಎಲ್ಲ ಅತಿಥಿಗಳಿಗಿಂತ ಹಿರಿಯ ಅತಿಥಿಗೆ, ಮನೆಯಲ್ಲಿ ಎಲ್ಲಕ್ಕಿಂತ ಹಳೆಯದಾದ ಅರಿವೆಯನ್ನು ಆರಿಸಿ ತೆಗೆದು ಹಾಸಿಗೆಯಾಗಿ ಅರ್ಪಿಸುತ್ತಾರೆ. ಮತ್ತು ಅದನ್ನು ಗಂಡನ ಮನೆಯವರು ತೊಟ್ಟಿಲು, ಕುಂಚಿಗೆ, ಕುಲಾಯಿಗಳ ಜೊತೆಗೆ ಸಂಭ್ರಮದಿಂದ ಸ್ವೀಕರಿಸುತ್ತಾರೆ.

ಇದು ಬಡತನದ ಉಪಾಯವೆಂದು ತಿಳಿದವರುಂಟು. ಬಟ್ಟೆ ದುರ್ಲಭವಾಗಿದ್ದ ಕಾಲದಲ್ಲಿ ಒಂದು ಎಳೆಯನ್ನೂ ಕೆಡಿಸಬಾರದೆಂಬ ವಿವೇಕವು ಇದರ ಬೇರಿನಲ್ಲಿ ಇದ್ದಿರಲೇಬೇಕು. ಆದರೆ ಹತ್ತಾರು ಕೂರಿಗೆ ಹೊಲವುಳ್ಳ ವಾಡೆಗಳಲ್ಲಿಯೂ ತೊಟ್ಟಿಲಿಗೆ ಹಳೆಯ ಅರಿವೆಯ ಕೌದಿಯೇ ಬೇಕೆನ್ನುತ್ತಿದ್ದರೆಂದ ಮೇಲೆ, ಅಭಾವವೊಂದರಿಂದಲೇ ಈ ಆಚಾರವನ್ನು ವಿವರಿಸಲಾಗದು.

ಅಜ್ಜಿಯ ಮಾತಿನಲ್ಲಿ ವಸ್ತುಜ್ಞಾನ ಪೂರ್ಣವಾಗಿದೆ. ಮಗ್ಗದಿಂದ ಇಳಿದ ಹತ್ತಿಯ ಬಟ್ಟೆಗೆ ಗಂಜಿಯ ಬಿಗಿಯಿರುತ್ತದೆ, ಬಣ್ಣದ ಶೇಷವಿರುತ್ತದೆ, ಎಳೆಗಳ ಮೇಲೆ ಸಣ್ಣ ಸಣ್ಣ ಜುಂಗುಗಳಿರುತ್ತವೆ. ವರ್ಷಗಟ್ಟಲೆ ಒಗೆತದಲ್ಲಿ ಇವೆಲ್ಲ ಕಳೆದು, ಎಳೆ ಸಡಿಲವಾಗಿ, ಬಟ್ಟೆಯು ನೀರನ್ನು ತಡೆಯಿಲ್ಲದೆ ಹೀರುವ ಸ್ಥಿತಿಗೆ ಬರುತ್ತದೆ. ಗಳಿಗೆಗೊಮ್ಮೆ ಒದ್ದೆಯಾಗುವ ಕೂಸಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಇನ್ನು ಬೆಚ್ಚಗಿನ ವಿಚಾರ: ಒಂದರ ಮೇಲೊಂದು ಇರಿಸಿದ ನಾಲ್ಕಾರು ತೆಳುಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಹೊಲಿಗೆಯ ಸಾಲುಗಳು ಆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕುತ್ತವೆ. ಅಷ್ಟೇ ದಪ್ಪದ ಒಂಟಿ ಬಟ್ಟೆಗಿಂತ ಪದರಗಳ ಕೌದಿ ಹೆಚ್ಚು ಬೆಚ್ಚಗಿರುವುದಕ್ಕೆ ಇದೇ ಕಾರಣ.

ಚೌಕಟ್ಟು: ಹತ್ತಿಯೇ ಏಕೆ?
ಸಾಮಾನ್ಯ ಹವೆಯಲ್ಲಿ ಹತ್ತಿಯು ತನ್ನ ಒಣತೂಕದ ಸುಮಾರು ಶೇ. 8.5ರಷ್ಟು ತೇವವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್‌ ಹಿಡಿಯುವುದು ಸುಮಾರು ಶೇ. 0.4 ಮಾತ್ರ. ಮೈಬೆವರನ್ನು ಹೀರದ ಪಾಲಿಯೆಸ್ಟರ್‌ ಸೀರೆಯಿಂದ ಹೊಲಿದ ಕೌದಿಯು ಬಣ್ಣದಲ್ಲಿ ಎಷ್ಟೇ ಚೆಲುವಾದರೂ ಮಲಗಿದವರಿಗೆ ಬೆಂಕಿಯಾಗುತ್ತದೆ. ಅದರ ನುಣುಪಿಗೆ ಪದರಗಳೂ ಒಂದರ ಮೇಲೊಂದು ಜಾರಿಕೊಳ್ಳುತ್ತವೆ. ಹಳೆಯ ಕೈಗಳು ಬಟ್ಟೆಯನ್ನು ಬೆರಳಿನ ನಡುವೆ ಉಜ್ಜಿನೋಡಿಯೇ ಇದನ್ನು ಬೇರ್ಪಡಿಸುತ್ತವೆ.

ಕೌದಿ ಹೊಲಿಯುವುದನ್ನು ಸಮೀಪದಲ್ಲಿ ಕುಳಿತು ನೋಡಿದವರಿಗೆ ಮೊದಲು ಕಾಣುವುದು, ಅದಕ್ಕೆ ಮಗ್ಗವಿಲ್ಲ, ಚೌಕಟ್ಟಿಲ್ಲ, ಕಾಗದದ ಮೇಲೆ ಬರೆದ ನಕ್ಷೆಯಿಲ್ಲ ಎಂಬುದು. ನೆಲವೇ ಮೇಜು, ಚಾಚಿದ ಕಾಲೇ ಅಳತೆಗೋಲು. ಅರಿವೆಗಳನ್ನು ಬಿಸಿನೀರಿನಲ್ಲಿ ಒಗೆದು, ಸುಡುಬಿಸಿಲಿಗೆ ಒಣಹಾಕಿ, ಗುಂಡಿ, ಕೊಂಡಿ, ಹಳೆಯ ಹೊಲಿಗೆಗಳನ್ನು ಬಿಚ್ಚಿ, ಸಾಧ್ಯವಾದೆಡೆಯಲ್ಲೆಲ್ಲ ಕತ್ತರಿಯ ಗೊಡವೆಗೆ ಹೋಗದೆ ಕೈಯಿಂದಲೇ ಸೀಳುತ್ತಾರೆ. ಸೀಳಿದ ಬಟ್ಟೆ ತನ್ನ ಎಳೆಯ ದಾರಿಯನ್ನೇ ಹಿಡಿದು ಹರಿಯುವುದರಿಂದ ತುಂಡು ಸೊಟ್ಟಗಾಗದು.

ಆಮೇಲೆ ಕೆಳಗಣ ಅಸ್ತರ. ಇದ್ದುದರಲ್ಲಿ ಗಟ್ಟಿಯಾದ ಸೀರೆಯನ್ನು ಇದಕ್ಕೆ ಆರಿಸಿ, ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಭಾರವಿಡುತ್ತಾರೆ. ಅದರ ಮೇಲೆ ಧೋತರದ ತುಂಡುಗಳು, ಹರಕು ಸೀರೆಯ ಒಡಲು, ಹೊರಗೆ ಕಾಣಿಸಬೇಕಾಗಿಲ್ಲದ ಎಲ್ಲ ಅರಿವೆ. ಇವು ಕೌದಿಯ ಮೈಯೊಳಗಣ ಮಾಂಸ. ಮೇಲಣ ಪದರದ ಬಣ್ಣಬಣ್ಣದ ತುಂಡುಗಳನ್ನು ಮುಂಚಿತವಾಗಿ ಜೋಡಿಸಿ ಹೊಲಿದಿಟ್ಟುಕೊಳ್ಳುವ ಪದ್ಧತಿ ಪಶ್ಚಿಮದೇಶಗಳ ಹೊದಿಕೆಗಳಲ್ಲಿ ವಿಶೇಷವಾಗಿ ಉಂಟು. ನಮ್ಮ ಕೌದಿಯಲ್ಲಿ ಹಾಗಲ್ಲ. ಸೂಜಿ ಮುಂದುವರಿದಂತೆ ಒಂದೊಂದೇ ತುಂಡು ಬಂದು ಸೇರುತ್ತದೆ. ತುಂಡನ್ನು ಕೂಡಿಸುವ ಹೊಲಿಗೆ ಯಾವುದೋ ಪದರಗಳನ್ನು ಬಿಗಿಯುವ ಹೊಲಿಗೆಯೂ ಅದೇ.

ಆರಂಭ ಮೂಲೆಯಿಂದ. ಅಸ್ತರದ ಅಂಚನ್ನು ಒಂದು ಬೆರಳಗಲ ಒಳಮಡಿಚಿ, ಮೊದಲ ತುಂಡಿನ ಸೀಳಿದ ಅಂಚನ್ನೂ ಅದರಡಿಗೆ ಮಡಿಚಿ, ಎರಡು ಮಡಿಕೆಗಳನ್ನೂ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಗಂಟನ್ನು ಪದರಗಳ ಒಳಗೆ ಅಡಗಿಸಿ, ಅಜ್ಜಿ ಸೂಜಿಯಿಟ್ಟರು. ಬಲಗೈ ಮೇಲಿನಿಂದ ಚುಚ್ಚುತ್ತದೆ. ಕೌದಿಯ ಅಡಿಯಲ್ಲಿ ಅಡಗಿದ ಎಡಗೈಯ ನಡುಬೆರಳು ಸೂಜಿಯ ಮೊನೆಗಾಗಿ ಕಾದಿರುತ್ತದೆ. ಮೊನೆ ತಗುಲಿದೊಡನೆಯೇ ಆ ಬೆರಳು ಅದನ್ನು ಮೇಲಕ್ಕೆ ತಿರುಗಿಸುತ್ತದೆ. ಎಲ್ಲ ಪದರಗಳನ್ನೂ ದಾಟಿತೆಂಬುದಕ್ಕೆ ಆ ಚುಚ್ಚುವಿಕೆಯೇ ಪ್ರಮಾಣ. ಆದಕಾರಣ ಕೌದಿ ಹೊಲಿಯುವವರ ಎಡಗೈಯ ನಡುಬೆರಳ ತುದಿ ಗಟ್ಟಿಕಟ್ಟಿ, ಸಣ್ಣ ಸಣ್ಣ ಚುಕ್ಕೆಗಳಿಂದ ತುಂಬಿರುತ್ತದೆ. ನಾಲ್ಕೈದು ಹೊಲಿಗೆಗಳನ್ನು ಸೂಜಿಯ ಮೇಲೆಯೇ ಪೋಣಿಸಿಕೊಂಡು ಒಮ್ಮೆಗೇ ದಾರವನ್ನೆಳೆಯುವರು. ದಾರ ಬಹಳ ಬಿಗಿದರೆ ಬಟ್ಟೆ ಮುದುಡಿಕೊಳ್ಳುತ್ತದೆ. ಸಡಿಲಬಿಟ್ಟರೆ ಕೂಸಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಇವೆರಡರ ನಡುವಣ ಹದ ಹೇಳಿ ಕಲಿಸುವಂಥದಲ್ಲ. ಪಕ್ಕದಲ್ಲಿ ಕುಳಿತ ಹುಡುಗಿಯೊಬ್ಬಳ ಕೈಗೆ ಸೂಜಿ ಕೊಟ್ಟು, ಆಕೆ ಹೊಲಿದದ್ದನ್ನು ಬಿಚ್ಚಿಸಿ ಬಿಚ್ಚಿಸಿಯೇ ಅದು ದಾಟತಕ್ಕದ್ದು.

ಒಂದು ಸುತ್ತು ಮುಗಿದು ಹೊರಟ ಮೂಲೆಗೆ ಬಂದಮೇಲೆ, ಅದರ ಒಳಗೆ ಕಿರುಬೆರಳಗಲ ಬಿಟ್ಟು ಎರಡನೆಯ ಸುತ್ತು, ಅದರೊಳಗೆ ಮೂರನೆಯದು. ಹೊರಗಿನಿಂದ ಒಳಕ್ಕೆ, ಅಂಚಿನಿಂದ ಗರ್ಭಕ್ಕೆ. ಹೀಗೇಕೆಂದು ವಿಚಾರಿಸಿದರೆ ಕಾರಣ ಸ್ಪಷ್ಟವಾಗಿದೆ. ಮೊದಲು ಅಂಚು ಭದ್ರವಾದರೆ ಕೌದಿಯ ಆಕಾರ ನಿಶ್ಚಯವಾಗುತ್ತದೆ. ಅಂಗೈಯಿಂದ ಸವರುತ್ತ ಹೋದ ಹಾಗೆ ಪದರಗಳ ನಡುವಣ ಹೆಚ್ಚುವರಿ ಸಡಿಲವೆಲ್ಲ ನಡುವಿನತ್ತ ಸರಿಯುತ್ತದೆ. ಕೊನೆಯಲ್ಲಿ ಅಂಗೈಯಗಲದ ಒಂದು ಬಾಯಿ ಮಾತ್ರ ಉಳಿದು, ಅದರ ಮೇಲೆ ಕೂರಿಸುವ ಕಡೆಯ ತುಂಡು ಆ ಸಡಿಲವನ್ನು ನುಂಗಿಬಿಡುತ್ತದೆ.

ಆ ಕಡೆಯ ಬಾಯನ್ನು ಕೌದಿಯ ಹೊಟ್ಟೆ ಎನ್ನುತ್ತಾರೆ. ಅದನ್ನು ಬರಿದಾಗಿ ಮುಚ್ಚಕೂಡದು. ನಾಲ್ಕು ಕಾಳು ಅಕ್ಕಿಯೋ, ಒಂದು ಚೂರು ರೊಟ್ಟಿಯೋ, ಚಿಟಿಕೆ ಸಕ್ಕರೆಯೋ, ಮನೆಯ ಪದ್ಧತಿಗೆ ತಕ್ಕಂತೆ ಒಳಗಿರಿಸಿ, ಆಮೇಲೆ ಹೊಲಿಯುವರು. ‘ಹೊಟ್ಟಿ ಖಾಲಿ ಬಿಟ್ಟ ಕೌದಿ ಹೊತ್ತುಕೊಂಡವರ ಹೊಟ್ಟೀನೂ ಖಾಲಿ ಇಡತೈತಿ’ ಎಂಬುದು ಅಜ್ಜಿಯ ವಿವರಣೆ. ತಾನು ಯಾರಿಗಾಗಿ ಹೊಲಿಯುತ್ತಿರುವಳೋ ಆ ಜೀವ ಹಸಿವನ್ನು ಕಾಣದಿರಲೆಂದು ಹೊಲಿದಾಕೆ ಮಾಡುವ ಪ್ರಾರ್ಥನೆ ಹೀಗೆ ಕಾಳಿನ ರೂಪದಲ್ಲಿ ಕೌದಿಯ ಗರ್ಭವನ್ನು ಸೇರುತ್ತದೆ. ಬರಗಾಲವನ್ನು ಕಂಡ ಸೀಮೆಯ ಹೆಂಗಸಿಗೆ ಹರಕೆಯ ಮಾತು ಬೇರೆ ಯಾವುದು ತೋಚೀತು?

ಚೌಕಟ್ಟು: ಹೊಲಿಗೆಯ ಲೆಕ್ಕ
3 ಅಡಿ ಉದ್ದ, 2.5 ಅಡಿ ಅಗಲದ ತೊಟ್ಟಿಲ ಕೌದಿಯಲ್ಲಿ ಸಾಲಿಗೂ ಸಾಲಿಗೂ ಅರ್ಧ ಅಂಗುಲದ ಅಂತರವಿದ್ದರೆ ಹೊಲಿಗೆಯ ದಾರಿ ಒಟ್ಟು 180 ಅಡಿಯಾಗುತ್ತದೆ. ಅಂಗುಲಕ್ಕೆ ಮೂರರಂತೆ ಎಣಿಸಿದರೆ ಸುಮಾರು ಆರೂವರೆ ಸಾವಿರ ಹೊಲಿಗೆ. ದೊಡ್ಡವರು ಹೊದೆಯುವ 7 ಅಡಿ ಉದ್ದ, 5 ಅಡಿ ಅಗಲದ ಕೌದಿಗೆ 840 ಅಡಿಯ ದಾರಿ, ಮೂವತ್ತು ಸಾವಿರಕ್ಕೆ ಮೀರಿದ ಹೊಲಿಗೆ. ಇವುಗಳಲ್ಲಿ ಪ್ರತಿಯೊಂದೂ ಎಲ್ಲ ಪದರಗಳನ್ನೂ ದಾಟಬೇಕು.

ಎಲ್ಲರಿಗೂ ಇಷ್ಟು ಬಿಡುವು ಇರುತ್ತಿತ್ತೆಂದಲ್ಲ. ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಸುಗ್ಗಿ ಮುಗಿದಮೇಲೆ ಊರೂರಿಗೆ ಬಂದು, ‘ಕೌದಿ ಹೊಲಸ್ತೀರೇನ್ರೀ’ ಎಂದು ಓಣಿಯಲ್ಲಿ ಕೂಗಿ, ಕರೆದವರ ಕಟ್ಟೆಯ ಮೇಲೆಯೇ ಕುಳಿತು ಹೊಲಿದುಕೊಟ್ಟು ಹೋಗುವ ರೂಢಿ ಬಡಗಣ ಜಿಲ್ಲೆಗಳಲ್ಲಿ ಇಂದಿಗೂ ಉಂಟು. ಮನೆಯವರು ಅರಿವೆಯನ್ನೂ ದಾರವನ್ನೂ ಕೊಡಬೇಕು. ಅಳತೆಗೂ ಕುಸುರಿಗೂ ತಕ್ಕಂತೆ ಕೂಲಿ, ಮೇಲೆ ಊಟ. ತ್ರಿಕೋಣ, ಚೌಕ, ಗುಡಿಯ ಗೋಪುರದಂತೆ ಏರಿಳಿಯುವ ಅಂಚು, ಕೆಂಪಿನ ಪಕ್ಕದಲ್ಲಿ ಕಪ್ಪು, ಹಳದಿಯ ಪಕ್ಕದಲ್ಲಿ ಹಸಿರು: ಕುಶಲರಾದ ಅವರ ಕೈಯಿಂದ ಬಂದ ಕೌದಿಗಳ ವರ್ಣವಿನ್ಯಾಸವನ್ನು ಕಂಡವರು, ಇದು ಹರಕು ಅರಿವೆಯಿಂದ ಆದದ್ದೆಂಬುದನ್ನು ಮರೆಯುತ್ತಾರೆ. ಈ ಹೆಣ್ಣುಮಕ್ಕಳ ದುಡಿಮೆಗೆ ನಾವು ಕೊಟ್ಟ ಬೆಲೆ ಯಾವ ಕಾಲದಲ್ಲಿಯೂ ಸಾಲದಾಗಿತ್ತೆಂದೇ ನನ್ನ ಭಾವನೆ. ಮೂವತ್ತು ಸಾವಿರ ಹೊಲಿಗೆಯ ಕೆಲಸಕ್ಕೆ ಕೂಲಿಯಲ್ಲಿ ಚೌಕಾಶಿ ಮಾಡುವುದು ಸಲ್ಲದ ನಡತೆ.

ಬಯಲುಸೀಮೆಯಿಂದ ಪಡುವಣಕ್ಕೆ ಇಳಿದು ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡುಗಳನ್ನು ಹೊಕ್ಕರೆ, ಕೌದಿಯ ಇನ್ನೊಂದು ವಂಶವು ಎದುರಾಗುತ್ತದೆ. ಅದು ಸಿದ್ದಿಯರದು. ಪೂರ್ವಜರು ಆಫ್ರಿಕಾದಿಂದ ಕಡಲು ದಾಟಿ ಬಂದವರು, ಅನೇಕರು ಗೋವೆಯ ಪೋರ್ತುಗೀಸರ ಕೈಯಲ್ಲಿ ದಾಸರಾಗಿ ನವೆದು, ಬಿಡುಗಡೆಯಾಗಿಯೋ ತಪ್ಪಿಸಿಕೊಂಡೋ ಉತ್ತರ ಕನ್ನಡದ ಅಡವಿಗಳನ್ನು ಸೇರಿದವರು. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಉಂಟು; ಮೂರು ಮತದ ಮನೆಗಳಲ್ಲಿಯೂ ಕೌದಿ ಉಂಟು.

ಸಿದ್ದಿ ಹೆಂಗಸರೂ ಮೂಲೆಯಿಂದಲೇ ಹೊರಟು ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಆದರೆ ಅವರ ಕೌದಿಯಲ್ಲಿ ತುಂಡುಗಳು ಸಮಾನ ಚೌಕಗಳ ಶಿಸ್ತಿಗೆ ಒಳಪಡುವುದಿಲ್ಲ. ಚಿಕ್ಕದರ ಪಕ್ಕದಲ್ಲಿ ದೊಡ್ಡದು, ಉದ್ದನೆಯದರ ನೆತ್ತಿಯ ಮೇಲೆ ಗಿಡ್ಡನೆಯದು, ಕಣ್ಣಿಗೆ ಅನಿರೀಕ್ಷಿತವಾದ ಕಡೆಯಲ್ಲಿ ಉರಿಗೆಂಪಿನ ಒಂದು ಪಟ್ಟಿ: ಈ ಅಸಮತೆಯಲ್ಲಿ ಒಂದು ಲಯವಿದೆ, ಮೇಲೆ ಹರಿಯುವ ದಪ್ಪ ದಾರದ ಹೊಲಿಗೆಯ ಸಾಲುಗಳು ಅದಕ್ಕೆ ತಾಳ ಹಿಡಿಯುತ್ತವೆ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನರ ಮನೆಯದರಲ್ಲಿ ಅರ್ಧಚಂದ್ರವೂ ಕಾಣಿಸಿಕೊಳ್ಳುವುದುಂಟು. ಎಳೆಯ ಮಕ್ಕಳ ಕೌದಿಗಳಲ್ಲಿ ಮಾತ್ರ ಔದಾರ್ಯಕ್ಕೆ ಮಿತಿಯಿಲ್ಲ. ಉಗುರಿನಷ್ಟಗಲದ ತುಂಡುಗಳನ್ನೂ ಬಿಡದೆ, ಇದ್ದ ಬಣ್ಣವನ್ನೆಲ್ಲ ತಂದು ಅದರ ಮೇಲೆ ಸುರಿಯುತ್ತಾರೆ.

ಕೊನೆಗೆ ನಾಲ್ಕು ಮೂಲೆಗಳಲ್ಲಿ, ಮಡಿಕೆಯ ಮೇಲೆ ಮಡಿಕೆ ಹಾಕಿದ ಒಂದೊಂದು ತುಂಡನ್ನು ಅಂಚಿನಿಂದ ಹೊರಗೆ ಚಾಚಿಕೊಳ್ಳುವಂತೆ ಹೊಲಿಯುತ್ತಾರೆ. ಅದಕ್ಕೆ ‘ಫೂಲಾ’ ಎಂದು ಹೆಸರು, ಎಂದರೆ ಹೂ. ಅದರಿಂದ ಬೆಚ್ಚಗೂ ಆಗದು, ಗಟ್ಟಿಯೂ ಆಗದು. ಆದರೂ ಫೂಲಾ ಇಲ್ಲದ ಕೌದಿ ಬತ್ತಲೆ ಎಂದೇ ಅವರು ಹೇಳುತ್ತಾರೆ. ಗೇಣು ಬಟ್ಟೆಯನ್ನೂ ಕೆಡಿಸಲಾರದ ಮನೆಯ ಹೆಂಗಸು, ಉಪಯೋಗದ ಲೆಕ್ಕಕ್ಕೆ ಸೇರದ ನಾಲ್ಕು ಹೂವುಗಳಿಗೆಂದು ಅರಿವೆಯನ್ನು ತೆಗೆದಿರಿಸುವ ಈ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ. ಕೌದಿಯು ಬರಿಯ ಮಿತವ್ಯಯದ ಸಾಧನವೆನ್ನುವವರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರವಿಲ್ಲ.

ಭಾರತ ಸರ್ಕಾರ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಮರುವರ್ಷ, 2004ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್‌ ಡ್ರೂವಲ್‌ ಮತ್ತು ಸಾರಾ ಖಾನ್‌ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಮೈದಳೆಯಿತು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್‌ ಕೇಂದ್ರದಲ್ಲಿ, ಕರಿಯ ಜನರ ಚರಿತ್ರೆ ಮತ್ತು ಸಂಸ್ಕೃತಿಯ ಅಧ್ಯಯನಕ್ಕಾಗಿಯೇ ಮೀಸಲಾದ ಆ ಸ್ಥಳದಲ್ಲಿ, ಈ ಕೌದಿಗಳ ಪ್ರದರ್ಶನ ನಡೆಯಿತು. ತಮ್ಮ ಮಕ್ಕಳ ಚಳಿಗೆಂದು ಹೊಲಿದವರ ಕೈಕೆಲಸವು ಹೀಗೆ ಲೋಕದ ಕಣ್ಣಿಗೆ ಬಿದ್ದು, ಆ ಮನೆಗಳಿಗೆ ನಾಲ್ಕು ಕಾಸು ತಂದುಕೊಟ್ಟದ್ದು ಸಂತೋಷದ ವಿಷಯ.

ಹಳೆಯ ಅರಿವೆಯನ್ನು ಪ್ರೀತಿಯ ಕಾಣಿಕೆಯಾಗಿ ಮಾಡುವ ಬುದ್ಧಿ ಕನ್ನಡನಾಡಿಗೆ ಮಾತ್ರ ಹೊಳೆದದ್ದಲ್ಲ. ವಂಗದೇಶದ ಕಾಂಥಾ ಇದರ ಸಹೋದರಿ. ಸಂನ್ಯಾಸ ಸ್ವೀಕರಿಸಿ ಪುರಿಯಲ್ಲಿ ನೆಲೆಸಿದ ಚೈತನ್ಯ ಮಹಾಪ್ರಭುವಿಗೆ ತಾಯಿ ಶಚೀದೇವಿ ತಾನೇ ಹೊಲಿದ ಕಾಂಥಾವೊಂದನ್ನು ಯಾತ್ರಿಕರ ಕೈಯಲ್ಲಿ ಕಳುಹಿಸಿದಳೆಂದು ಕಾಂಥಾದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಸರ್ವಸಂಗವನ್ನೂ ಬಿಟ್ಟುಹೋದ ಮಗನಿಗೆ ತಾಯಿ ಏನನ್ನು ತಾನೆ ಕೊಡಬಲ್ಲಳು? ಹೊಸ ವಸ್ತ್ರ ಯತಿಗೆ ಭೋಗವಾದೀತು. ಚಿಂದಿಯ ಹೊದಿಕೆಯಾದರೆ ವಿರಕ್ತನಿಗೂ ನಿಷಿದ್ಧವಲ್ಲ. ತೊಟ್ಟಿಲಿನ ಶಿಶುವಿಗೂ ಎಲ್ಲವನ್ನೂ ತೊರೆದ ಸಂನ್ಯಾಸಿಗೂ ಸಮಾನವಾಗಿ ಸಲ್ಲಬಲ್ಲ ಕಾಣಿಕೆ ಇನ್ನೊಂದನ್ನು ನಾನು ಕಾಣೆ.

ಚೌಕಟ್ಟು: ಕೌದಿಯ ಬಂಧುಬಳಗ
ಮಹಾರಾಷ್ಟ್ರದಲ್ಲಿ ಇದು ಗೋಧಡಿ. ಸಿಂಧ್‌, ರಾಜಸ್ಥಾನಗಳಲ್ಲಿ ರಲ್ಲಿ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಬೊಂತೆ. ಬಿಹಾರದ ಸುಜನಿ ಹುಟ್ಟಿದ್ದೇ ನವಜಾತ ಶಿಶುವಿಗಾಗಿ. ಮುಜಫ್ಫರಪುರ ಜಿಲ್ಲೆಯ ಭುಸುರಾ ಗ್ರಾಮ ಅದಕ್ಕೆ ಹೆಸರಾದದ್ದು. ಹಳೆಯ ತುಂಡುಗಳನ್ನು ಕೂಡಿಸುವ ಆ ಕೆಲಸಕ್ಕೆ ಚಿಂದಿಗಳ ಅಧಿದೇವತೆಯೊಬ್ಬಳು ಉಂಟೆಂದೂ ಆಕೆ ‘ಚಿತಿರಿಯಾ ಮಾ’ ಎಂದೂ ಅಲ್ಲಿಯವರ ನಂಬಿಕೆ. ತುಂಡು ತುಂಡಾದ ಬಟ್ಟೆ ಕೂಸಿಗೆ ದೃಷ್ಟಿ ತಾಗದಂತೆ ಕಾಯುತ್ತದೆಂಬ ಭಾವನೆ ಅನೇಕ ಸೀಮೆಗಳಲ್ಲಿದೆ.

ಈಗ ಈ ಕಾಣಿಕೆಗೆ ಒದಗಿರುವ ಕಷ್ಟವು ಬಿಡುವಿನದಕ್ಕಿಂತ ಹೆಚ್ಚಾಗಿ ಅರಿವೆಯದು. ದಿನಬಳಕೆಗೆ ಹತ್ತಿಯ ಸೀರೆ ಉಡುವವರು ವಿರಳರಾಗಿ, ಪಾಲಿಯೆಸ್ಟರ್‌ ಸೀರೆಯೂ ನೈಟಿಯೂ ಹಳ್ಳಿಯ ಮನೆಗಳನ್ನು ತುಂಬಿರುವುದರಿಂದ, ಉಟ್ಟು ಹಳತಾಗತಕ್ಕ ಬಟ್ಟೆಯೇ ಮನೆಯಲ್ಲಿ ಹುಟ್ಟುತ್ತಿಲ್ಲ. ಐದು ವರ್ಷ ಒಗೆದರೂ ಮೆತ್ತಗಾಗದೆ, ಒಂದು ದಿನ ಮೇಲ್ಮೈಯಲ್ಲಿ ಗಂಟು ಗಂಟಾಗಿ, ತಿಪ್ಪೆ ಸೇರಿಯೂ ಕೊಳೆಯದೆ ಉಳಿಯುವ ಬಟ್ಟೆಯಿಂದ ತೊಟ್ಟಿಲ ಕೌದಿಯನ್ನು ಹೊಲಿಯುವುದು ಹೇಗೆ? ಪೇಟೆಯಲ್ಲಿ ಹೊಸ ಹತ್ತಿಯ ತುಂಡುಗಳನ್ನು ಯಂತ್ರದಲ್ಲಿ ಜೋಡಿಸಿ ಕೌದಿಯೆಂದು ಮಾರುವವರು ಉಂಟು. ಅವು ಕಣ್ಣಿಗೆ ಸೊಗಸು, ಬಾಳಿಕೆಗೂ ಕೊರತೆಯಿಲ್ಲ. ಆದರೆ ಅದನ್ನು ಕೊಂಡು ಬಾಣಂತಿಗೆ ಕೊಟ್ಟರೆ ಒಂದು ಒಳ್ಳೆಯ ಹೊದಿಕೆಯನ್ನು ಕೊಟ್ಟಂತಾಗುವುದೇ ಹೊರತು, ಅಜ್ಜಿಯ ಸೆರಗನ್ನು ಕೊಟ್ಟಂತಾಗದು.

ಹೊಲಿಯಲು ಬಾರದವರು, ಹೊಲಿಯುವಷ್ಟು ವೇಳೆಯಿಲ್ಲದವರು ಏನು ಮಾಡಬೇಕು? ಅರಿವೆಯಾದರೂ ತಮ್ಮ ಮನೆಯದಾಗಿರಲಿ ಎಂಬುದು ನನ್ನ ಮತ. ಎರಡು ಮನೆಯ ಅಜ್ಜಿಯರಿಂದ ಒಂದೊಂದು ಸೀರೆ, ಅಜ್ಜನಿಂದ ಒಂದು ಧೋತರ ಅಥವಾ ಪಂಚೆ, ತಂದೆಯಾಗಲಿರುವವನ ಹಳೆಯ ಹತ್ತಿಯ ಅಂಗಿ: ಇಷ್ಟನ್ನು ಕೂಡಿಹಾಕಿ, ಕೌದಿ ಹೊಲಿಯುವ ಹೆಣ್ಣುಮಕ್ಕಳನ್ನು ಹುಡುಕಿ, ಅವರು ಕೇಳಿದ ಕೂಲಿಯನ್ನು ಮರುಮಾತಿಲ್ಲದೆ ಕೊಟ್ಟು ಹೊಲಿಸಿದರೆ ಕಾಣಿಕೆಯ ಸತ್ವ ಕೆಡದು. ತೊಟ್ಟಿಲ ಅಳತೆಗೆ ಒಂದು ಸೀರೆಯೂ ಒಂದು ಧೋತರವೂ ಧಾರಾಳವಾಗಿ ಸಾಕು. ಕೊಟ್ಟಮೇಲೆ ಅದನ್ನು ಬೀರುವಿನಲ್ಲಿ ಮಡಿಚಿಡುವುದಾಗಲಿ ಗೋಡೆಗೆ ತೂಗುಹಾಕುವುದಾಗಲಿ ಬೇಡ. ಒದ್ದೆಯಾಗಲಿ, ಒಗೆಯಲಿ, ಬಿಸಿಲು ಕಾಣಲಿ. ಹರಿದಲ್ಲಿ ಇನ್ನೊಂದು ತುಂಡು ಬಂದು ಕೂರಲಿ. ದೊಡ್ಡ ಕೌದಿ ನೀರು ಕುಡಿದರೆ ಒಬ್ಬರಿಗೆ ಎತ್ತುವುದು ಕಷ್ಟವಾಗುವಷ್ಟು ಭಾರವಾಗುತ್ತದೆ. ತೊಟ್ಟಿಲ ಕೌದಿಗೆ ಆ ತೊಂದರೆಯಿಲ್ಲ, ಬೆಳಗ್ಗೆ ಒಗೆದದ್ದು ಸಂಜೆಗೆ ಒಣಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕೌದಿಗಳು ವಂಗದೇಶದಿಂದ ಕಲಿಯಬೇಕಾದುದುಂಟು. ಕೋಲ್ಕತ್ತದ ಬಳಿಯ ಗುರುಸದಯ ಸಂಗ್ರಹಾಲಯದಲ್ಲಿರುವ ಪ್ರಸಿದ್ಧವಾದ ಒಂದು ಕಾಂಥಾ, ಹತ್ತೊಂಬತ್ತನೆಯ ಶತಮಾನದ ಮಗಳೊಬ್ಬಳು ತನ್ನ ತಂದೆಗೆಂದು ಹೊಲಿದದ್ದು. ಆಕೆಯ ಹೆಸರು ಮಾನದಾಸುಂದರಿ ಎಂದು ನಾವು ಬಲ್ಲೆವು; ಏಕೆಂದರೆ ಬಟ್ಟೆಯ ಮೇಲೆ ಆಕೆ ಅದನ್ನು ದಾರದಲ್ಲಿ ಬರೆದಿಟ್ಟಳು. ಬಯಲುಸೀಮೆಯ ಸಾವಿರಾರು ಕೌದಿಗಳಲ್ಲಿ ಹೊಲಿದವರ ಗುರುತು ಎಲ್ಲಿದೆ? ಅಜ್ಜಿಯಿದ್ದಷ್ಟು ದಿನ ‘ಇದು ಇಂಥವಳು ಹೊಲಿದದ್ದು, ಈ ಕೆಂಪು ಇಂಥವಳ ಮದುವೆಯ ಸೀರೆ’ ಎಂದು ಹೇಳುವವರಿರುತ್ತಾರೆ. ಮುಂದಿನ ತಲೆಮಾರಿಗೆ ಅದು ಹಳೆಯ ಹೊದಿಕೆಯಷ್ಟೆ.

ಆದುದರಿಂದ, ಶ್ರಾವಣ ಭಾದ್ರಪದಗಳಲ್ಲಿ ಹೆರಿಗೆಯ ನಿರೀಕ್ಷೆಯಿರುವ ಮನೆಗಳಲ್ಲಿ ಬೇಸಗೆಯಲ್ಲಿಯೇ ಟ್ರಂಕು ತೆರೆಯಬೇಕು. ಮಳೆ ಹಿಡಿದರೆ ಅರಿವೆ ಒಣಗದು, ಬಿತ್ತನೆ ಆರಂಭವಾದರೆ ಕೈಗಳು ಸಿಗವು. ಕೌದಿಯ ಹಿಂಬದಿಯ ಒಂದು ಮೂಲೆಯಲ್ಲಿ ಅಂಗೈಯಗಲದ ಬಿಳಿಯ ಧೋತರದ ತುಂಡನ್ನು ಕೂರಿಸಿ, ಹೊಲಿದವರ ಹೆಸರು, ಊರು, ಇಸವಿಯನ್ನು ಕೆಂಪು ದಾರದಲ್ಲಿ ಹೊಲಿಸಿರಿ. ಕೂಲಿಗೆ ಹೊಲಿದವರಾದರೆ ಅವರ ಹೆಸರೂ ಅಲ್ಲಿಯೇ ಸಲ್ಲಬೇಕು. ಅಕ್ಷರ ಬಾರದವರಿಗೆ ಮನೆಯ ಮಕ್ಕಳು ಪೆನ್ಸಿಲಿನಲ್ಲಿ ಬರೆದುಕೊಟ್ಟರಾಯಿತು. ಗೆರೆ ಕಂಡರೆ ಅದರ ಮೇಲೆ ಸೂಜಿ ನಡೆಸುವುದು ಅವರಿಗೆ ಕಷ್ಟವಲ್ಲ.